ಕರೆಂಟು ಹೋದಾಗ ಬರೆದ ಅರ್ಧ ಪುಟ

ಧಾರವಾಡ

ಚಿ. ಪುಟ್ಟಿಗೆ ಮಾಮಾನ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿಮ್ಮವ್ವ ಫೋನಿನಲ್ಲಿ ಹೇಳಿಯೇ ಇರುತ್ತಾಳೆ. ನಿನ್ನ ಪತ್ರದ ಒಂದು ಮಾತು ಎರಡು ದಿನದಿಂದ ನನ್ನ ಬೆನ್ನು ಬಿಟ್ಟಿಲ್ಲ. ‘ರಾತ್ರಿ ಮಲ್ಲಿಕಾರ್ಜುನ ಮನ್ಸೂರರ ಹಾಡು ಕೇಳುತ್ತ ಬರೆಯುವಾಗ ಕಣ್ಣು ತುಂಬಿತ್ತು. ಬೆಳಿಗ್ಗೆ ಓದಿದರೆ ಬರೀ ಒಣ ಮಾತು. ಇದ್ದದ್ದೆಲ್ಲ ರಾಗದ್ದೇ, ನನ್ನದೇನೂ ಇರಲಿಲ್ಲವೇ ಮಾಮಾ?’

ನಾನೂ ಒಂದು ಕಾದಂಬರಿಗೆ ಕೈ ಹಾಕಿದ್ದೆ. ನಿಮ್ಮವ್ವನಿಗೂ ಹೇಳಿರಲಿಲ್ಲ. 1984ರ ಮಳೆಗಾಲ. ಮನ್ಸೂರರು ಇನ್ನೂ ಇದೇ ಊರಿನಲ್ಲಿದ್ದರು, ಹಾಡುತ್ತಿದ್ದರು, ಹೋದದ್ದು 1992ರಲ್ಲಿ. ನನ್ನ ಬಳಿ ಇದ್ದದ್ದು ಅವರ ಒಂದೇ ಕ್ಯಾಸೆಟ್ಟು. ಟೇಪು ಸಡಿಲಾದಾಗಲೆಲ್ಲ ಪೆನ್ಸಿಲು ತೂರಿಸಿ ಸುತ್ತುತ್ತ ಬರೆಯುತ್ತಿದ್ದೆ. ಅವರ ದನಿ ಮೇಲೇರಿದರೆ ನನ್ನ ಕಥಾನಾಯಕ ಅಳುತ್ತಿದ್ದ. ಯಾಕೆ ಅಳುತ್ತಿದ್ದ ಎಂಬುದು ಬೆಳಿಗ್ಗೆ ನನಗೇ ತಿಳಿಯುತ್ತಿರಲಿಲ್ಲ. ನಿನ್ನ ಹೆದರಿಕೆಯೇ ನನ್ನದೂ. ನೀನು ಅದನ್ನು ಬರೆದು ಕೇಳಿದೆ, ನಾನು ಯಾರನ್ನೂ ಕೇಳದೆ ಟ್ರಂಕಿಗೆ ಬೀಗ ಹಾಕಿದೆ.

ಮೊನ್ನೆ ಆ ಟ್ರಂಕು ತೆಗೆದೆ. 180 ಪುಟ. ಓದುವಂತಿರುವುದು ಅರ್ಧ ಪುಟ ಮಾತ್ರ, ಅದರ ಮೇಲೂ ನನ್ನದೇ ಅಡ್ಡಗೀಟು. ಒಂದು ರಾತ್ರಿ ಹಾಡಿನ ನಡುವೆಯೇ ಕರೆಂಟು ಹೋಗಿ ಕಂದೀಲಿನ ಬೆಳಕಿನಲ್ಲಿ ಬರೆದದ್ದು ಅದು. ಒಬ್ಬ ಹೆಂಗಸು ಕತ್ತಲಲ್ಲಿ ಕಡ್ಡಿಪೆಟ್ಟಿಗೆ ಹುಡುಕುತ್ತಾಳೆ. ಒಲೆಯ ಪಕ್ಕ ಇಲ್ಲ, ದೇವರ ಮಾಡದಲ್ಲಿ ಇಲ್ಲ. ಮಲಗಿದ ಗಂಡನ ಅಂಗಿಯ ಕಿಸೆಯಲ್ಲಿ ಸಿಗುತ್ತದೆ. ಕಡ್ಡಿ ಗೀರಿದರೆ, ಪೆಟ್ಟಿಗೆಯ ಜೊತೆ ಕೈಗೆ ಬಂದದ್ದು ಸಿನಿಮಾ ಟಿಕೇಟಿನ ಎರಡು ಅರೆತುಂಡು.

‘ಇದರಲ್ಲಿ ರಾಗವೇ ಇಲ್ಲ’ ಎಂದು ಆಗ ಹೊಡೆದು ಹಾಕಿದ್ದೆ. ಈಗ ಗಟ್ಟಿಯಾಗಿ ಓದಿಕೊಂಡಾಗ ಮೈ ಜುಮ್ಮೆಂದಿತು. ವಿಲಂಬಿತ ಏಕತಾಲ ಎಂಬ ನಿಧಾನದ ತಾಳದಲ್ಲಿ 12 ಮಾತ್ರೆ, ಅಂದರೆ ಎಣಿಕೆ, ಸುತ್ತಿ ಸಮ್ ಎಂಬ ಮೊದಲ ಪೆಟ್ಟು ಮತ್ತೆ ಬರಲು ಹತ್ತಿರ ಹತ್ತಿರ ಒಂದು ನಿಮಿಷ ಹಿಡಿಯುವುದುಂಟು. ಕೇಳುವವನು ಕಾಯುತ್ತಾನೆ. ಆ ಟಿಕೇಟು ಬರುವುದೂ ಹಾಗೆಯೇ. ಹಾಡು ನಿಂತಿತ್ತು ನಿಜ, ಆದರೆ ಕಾಯಿಸುವುದನ್ನು ಕೈ ಕಲಿತಿತ್ತು. ನೀನು ಮಾತು ಮಾತಿಗೆ ತರುವ ಜಪಾನಿನ ಕಾದಂಬರಿಕಾರ ಮುರಾಕಾಮಿ, ಟೋಕಿಯೋದಲ್ಲಿ ಜಾಝ್ ಸಂಗೀತದ ಕ್ಲಬ್ಬು ನಡೆಸಿದವನು, ಸಂಗೀತದಿಂದ ಕಲಿತೆನೆಂದು ಮೊದಲು ಹೇಳುವುದು ಲಯವನ್ನು. ಅಳುವನ್ನಲ್ಲ.

ಹಾಗಾದರೆ ‘ನನ್ನದೇನೂ ಇರಲಿಲ್ಲವೇ’ ಎಂಬುದಕ್ಕೆ? ಕಣ್ಣೀರು ರಾಗದ್ದೇ ಇರಬಹುದು ಪುಟ್ಟಿ. ಅದನ್ನು ಬಿಟ್ಟು ಏನು ಉಳಿದಿದೆ ಎಂದು ನಾನು ಹುಡುಕಲೇ ಇಲ್ಲ.

ಒಂದನ್ನೂ ಮುಗಿಸದವನು ಉಪದೇಶ ಮಾಡಬಾರದು. ಆದರೂ, ಬರೆಯುವ ಮುನ್ನ ಹಾಡು ಕೇಳಿ, ಬರೆಯುವಾಗ ಅದನ್ನು ನಿಲ್ಲಿಸಿ ನೋಡು. ಬಿಕೋ ಎನಿಸಿದರೆ ತಂಬೂರಿಯ ಶ್ರುತಿ ಮಾತ್ರ ಇರಲಿ. ಒಗ್ಗದಿದ್ದರೆ ಬಿಟ್ಟುಬಿಡು. ಬೆಳಿಗ್ಗೆ ಚಹಾ ಕುಡಿಯುವ ಮೊದಲಂತೂ ಓದಬೇಡ. ಆ ಒಣ ಪುಟವನ್ನು ನನಗೆ ಕಳಿಸು; ಹರಿದಿದ್ದರೆ ಚೂರುಗಳನ್ನೇ ಲಕೋಟೆಗೆ ಹಾಕು.

ಆ ಹೆಂಗಸು ಟಿಕೇಟು ನೋಡಿ ಏನು ಮಾಡಿದಳೆಂದು ನಾನು ಬರೆಯಲಿಲ್ಲ. ಅಷ್ಟರಲ್ಲಿ ಕರೆಂಟು ಬಂದಿತ್ತು, ಟೇಪು ಮತ್ತೆ ಹಾಡತೊಡಗಿತ್ತು.

ನಿನ್ನ
ಮಾಮಾ