ಕರುಳಿನ ಬ್ಯಾಕ್ಟೀರಿಯಾ: ವಂಶವಾಹಿಯ ಪಾಲೆಷ್ಟು?

ಮಾನ್ಯ ಸಂಪಾದಕರೇ,

ಮೈಬಣ್ಣ, ಎತ್ತರಗಳಂತೆ ಕರುಳಿನ ಬ್ಯಾಕ್ಟೀರಿಯಾಗಳೂ ಹುಟ್ಟಿನಿಂದಲೇ ಬರುತ್ತವೆ ಎಂಬ ಮಾತು ಆರೋಗ್ಯ ಬರಹಗಳಲ್ಲಿಯೂ ಪರೀಕ್ಷಾ ಕಿಟ್‌ಗಳ ಜಾಹೀರಾತುಗಳಲ್ಲಿಯೂ ಈಚೆಗೆ ಮೇಲಿಂದ ಮೇಲೆ ಕಾಣುತ್ತಿದೆ. ಇದರಲ್ಲಿ ಸತ್ಯಾಂಶವಿದೆ. ಆದರೆ ಆ ಅಂಶ ಎಷ್ಟೆಂಬುದನ್ನು ಹೇಳದೆ ಬಿಟ್ಟರೆ, ಹೊಟ್ಟೆಯ ತೊಂದರೆ ಇರುವವರು ‘ಇದು ನಮ್ಮ ವಂಶದ ಹಣೆಬರಹ’ ಎಂದು ಕೈಚೆಲ್ಲಿ ಕೂರಬಹುದೆಂಬ ಕಳವಳದಿಂದ ಈ ಪತ್ರ ಬರೆಯುತ್ತಿದ್ದೇನೆ.

ವಂಶವಾಹಿಗಳ ಪಾತ್ರಕ್ಕೆ ಬಲವಾದ ಪುರಾವೆ ದೊರೆತದ್ದು 2014ರಲ್ಲಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ರೂತ್ ಲೇ ಅವರ ತಂಡವು ಲಂಡನ್ನಿನ ಕಿಂಗ್ಸ್ ಕಾಲೇಜಿನ ಜೊತೆಗೂಡಿ ಬ್ರಿಟನ್ನಿನ 416 ಅವಳಿ ಜೋಡಿಗಳ ಮಲದ ಮಾದರಿಗಳನ್ನು ಪರಿಶೀಲಿಸಿತು. ಅವಳಿಗಳು ಸಾಮಾನ್ಯವಾಗಿ ಒಂದೇ ಮನೆಯಲ್ಲಿ ಬೆಳೆಯುವುದರಿಂದ, ಉಳಿದ ಅವಳಿಗಳಿಗಿಂತ ಒಂದೇ ವಂಶವಾಹಿಗಳಿರುವ ತದ್ರೂಪಿ ಅವಳಿಗಳಲ್ಲಿ ಹೆಚ್ಚಾಗಿ ಕಾಣುವ ಹೋಲಿಕೆಯನ್ನು ವಂಶವಾಹಿಯ ಲೆಕ್ಕಕ್ಕೆ ಹಾಕಬಹುದು. ಕ್ರಿಸ್ಟೆನ್ಸೆನೆಲೇಸಿ ಎಂಬ ಗುಂಪಿನ ಬ್ಯಾಕ್ಟೀರಿಯಾಗಳು ಎಲ್ಲಕ್ಕಿಂತ ಹೆಚ್ಚು ಆನುವಂಶಿಕವೆಂದೂ ತೆಳ್ಳಗಿನವರಲ್ಲಿ ಅವು ಹೆಚ್ಚೆಂದೂ ಆಗ ತಿಳಿಯಿತು. ಸುದ್ದಿಯಾದದ್ದು ಈ ಒಂದು ಗುಂಪು. ಅದರ ಗುಣವನ್ನು ಕರುಳಿನ ಸಮಸ್ತ ಜೀವಿಗಳಿಗೂ ಹೊದಿಸಿದ್ದು ನಂತರದ ಬರಹಗಳು.

ಇಸ್ರೇಲಿನ ವೈಜ್ಮನ್ ಸಂಸ್ಥೆಯವರು ಬೇರೆ ಬೇರೆ ಮೂಲಗಳ 1,046 ಜನರನ್ನು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕರುಳಿನ ಸೂಕ್ಷ್ಮಜೀವಿಗಳ ಒಟ್ಟಾರೆ ವ್ಯತ್ಯಾಸದಲ್ಲಿ ಆನುವಂಶಿಕತೆಯ ಪಾಲು ಶೇ 1.9ರಿಂದ 8.1ರಷ್ಟು ಮಾತ್ರ. ಆಹಾರ, ಔಷಧ ಮತ್ತು ದೇಹದ ಅಳತೆಗಳ ಜೊತೆ ನಂಟಿರುವ ಪಾಲು ಶೇ 20ಕ್ಕಿಂತ ಹೆಚ್ಚು. ರಕ್ತಸಂಬಂಧವಿಲ್ಲದೆ ಒಂದೇ ಮನೆಯಲ್ಲಿ ಬಾಳುವವರ ಬ್ಯಾಕ್ಟೀರಿಯಾಗಳಲ್ಲಿಯೂ ಹೋಲಿಕೆ ಕಂಡುಬಂದದ್ದನ್ನು ನೋಡಿದರೆ, ‘ಮನೆತನದಲ್ಲೇ ಇದೆ’ ಎಂದು ನಾವು ಹೇಳುವುದರಲ್ಲಿ ಅಡುಗೆಮನೆಯ ಕೊಡುಗೆಯೂ ಸೇರಿರುತ್ತದೆ ಎನ್ನಬೇಕಾಗುತ್ತದೆ.

ವಂಶವಾಹಿಯ ಪ್ರಭಾವ ನಿಸ್ಸಂದೇಹವಾಗಿ ಕಾಣುವ ಕಡೆಯೂ ಅದು ಊಟದ ದಾರಿಯಲ್ಲೇ ಸಾಗುತ್ತದೆ. 24 ಸಮೂಹಗಳಿಗೆ ಸೇರಿದ 18,340 ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2021ರ ಅಧ್ಯಯನದಲ್ಲಿ ಅತ್ಯಂತ ಕಟ್ಟುನಿಟ್ಟಾದ ಸಂಖ್ಯಾಶಾಸ್ತ್ರೀಯ ಮಾನದಂಡವನ್ನು ದಾಟಿದ್ದು ಒಂದೇ ನಂಟು: ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಜೀರ್ಣಿಸುವ ಲ್ಯಾಕ್ಟೇಸ್ ಕಿಣ್ವದ ವಂಶವಾಹಿಗೂ ಬಿಫಿಡೋಬ್ಯಾಕ್ಟೀರಿಯಂ ಎಂಬ ಕರುಳಿನ ಬ್ಯಾಕ್ಟೀರಿಯಾಕ್ಕೂ ಇರುವ ನಂಟು. ಪ್ರಪಂಚದ ಹೆಚ್ಚಿನ ಜನರಲ್ಲಿ ಬಾಲ್ಯ ಕಳೆದಂತೆ ಈ ಕಿಣ್ವ ಕಡಿಮೆಯಾಗುತ್ತದೆ. ನಾಲೆಯ ಮೇಲ್ಭಾಗದವರು ಬಳಸದೆ ಬಿಟ್ಟ ನೀರು ಕೊನೆಯ ಗದ್ದೆಗೆ ಹರಿಯುವಂತೆ, ಸಣ್ಣ ಕರುಳಿನಲ್ಲಿ ಜೀರ್ಣವಾಗದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿದು ಈ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಹಾಲನ್ನೇ ಮುಟ್ಟದವರಲ್ಲಿ ಈ ವಂಶವಾಹಿಗೆ ಮಾಡಲು ಹೆಚ್ಚು ಕೆಲಸವಿರುವುದಿಲ್ಲ. ಫಿನ್ಲೆಂಡಿನ 5,959 ಜನರನ್ನು ಆಧರಿಸಿ 2022ರಲ್ಲಿ ಬಂದ ಅಧ್ಯಯನವೂ ಈ ಪ್ರಭಾವಕ್ಕೆ ಹಾಲಿನ ಬಳಕೆಯೊಡನೆ ಸಂಬಂಧವಿರುವುದನ್ನು ತೋರಿಸಿತು.

ಈ ಸಂಗತಿ ನಮ್ಮವರಿಗೆ ದೂರದ್ದಲ್ಲ. ವಯಸ್ಕರಲ್ಲಿಯೂ ಲ್ಯಾಕ್ಟೇಸ್ ಉಳಿಯುವಂತೆ ಮಾಡುವ ವಂಶವಾಹಿಯ ರೂಪಾಂತರವು ಭಾರತದ ವಾಯವ್ಯದಲ್ಲಿ ಹೆಚ್ಚಾಗಿದ್ದು, ದಕ್ಷಿಣ ಮತ್ತು ಪೂರ್ವದ ಕಡೆಗೆ ಬರುತ್ತಾ ಕಡಿಮೆಯಾಗುತ್ತದೆ ಎಂದು 2012ರ ಅಧ್ಯಯನವೊಂದು ದಾಖಲಿಸಿದೆ. ಅಲ್ಲದೆ ಹೆಪ್ಪು ಹಾಕಿದ ಹಾಲು ಮೊಸರಾಗುವಾಗ ಅದರ ಲ್ಯಾಕ್ಟೋಸಿನ ಒಂದು ಭಾಗ ಆಮ್ಲವಾಗಿ ಬದಲಾಗಿರುತ್ತದೆ. ಆದ್ದರಿಂದ ಒಂದೇ ಬಗೆಯ ವಂಶವಾಹಿ ಇರುವ ಇಬ್ಬರಲ್ಲಿ ಒಬ್ಬರು ಲೋಟ ತುಂಬ ಹಾಲು ಕುಡಿದು ಇನ್ನೊಬ್ಬರು ಮಜ್ಜಿಗೆ ಕುಡಿದರೆ ದೊಡ್ಡ ಕರುಳಿಗೆ ತಲುಪುವ ಸಕ್ಕರೆಯ ಪ್ರಮಾಣ ಬೇರೆಯೇ ಆಗುತ್ತದೆ. ಮೇಲೆ ಹೇಳಿದ 18,340 ಜನರಲ್ಲಿ ಬಹುಪಾಲು ಯುರೋಪ್ ಮೂಲದವರು. ಆ ಅಂಕಿಗಳನ್ನು ಹಾಗೆಯೇ ತಂದು ರಾಗಿಮುದ್ದೆ, ಜೋಳದ ರೊಟ್ಟಿ ಉಣ್ಣುವವರಿಗೆ ಅನ್ವಯಿಸುವುದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು: ಕರುಳಿನ ಬ್ಯಾಕ್ಟೀರಿಯಾ ಮತ್ತು ಆನುವಂಶಿಕತೆಯ ಕುರಿತ ವರದಿಗಳನ್ನು ಪ್ರಕಟಿಸುವಾಗ, ಅಧ್ಯಯನ ನಡೆದದ್ದು ಯಾವ ದೇಶದ ಎಷ್ಟು ಜನರ ಮೇಲೆ, ಕಂಡುಬಂದ ಪ್ರಭಾವ ಶೇಕಡಾ ಎಷ್ಟು, ಅವರು ಏನು ಉಣ್ಣುವವರು ಎಂಬ ವಿವರಗಳನ್ನು ಒಂದೆರಡು ಸಾಲಿನಲ್ಲಾದರೂ ಕೊಡಬೇಕು.

ಇಂತಿ,
ಓರ್ವ ಜೀವವಿಜ್ಞಾನ ಅಧ್ಯಾಪಕ, ಮಂಡ್ಯ