ಬಿದ್ರಿ ಆರ್ಡರ್ ಮುಗಿಯಿತು, ಕೈಹಿಡಿದವರಿಗೆಲ್ಲ ಸಲಾಂ

ಸತು-ತಾಮ್ರದ ಎರಕಕ್ಕೆ ಬೆಳ್ಳಿ ತಂತಿ ಕೂರಿಸಿ ಕಪ್ಪಾಗಿಸುವ ಬಿದ್ರಿ ಕೆಲಸದ ನಮ್ಮ ಕಾರ್ಖಾನೆಯ ಮೊದಲ ದೊಡ್ಡ ಆರ್ಡರ್ ಬೀದರಿನಿಂದ ಹೊರಟು ಹಣವೂ ಕೈಸೇರಿದೆ. ನಡುವೆ ಏನೇನಾಯಿತೆಂದು ಓಣಿಯವರಿಗೆಲ್ಲ ಗೊತ್ತು.

ಮೊದಲು ಚಾಚಾ. ಕೊನೆಯ ಹೂಜಿಗಳಿಗೆ ಕಪ್ಪು ಹತ್ತದೆ ಬೂದು ಕಲೆ ಎದ್ದ ರಾತ್ರಿ ನೀವು ಊಟ ಬಿಟ್ಟು ಬಂದಿರಿ. 16 ಪಾಲು ಸತುವಿಗೆ 1 ಪಾಲು ತಾಮ್ರ, ಎರಕ ಸರಿಯಿತ್ತು. ಬೆಳ್ಳಿ ತಂತಿಯೂ ಗಟ್ಟಿಯಾಗಿ ಕೂತಿತ್ತು. ನೀವು ಕಪ್ಪು ಹಿಡಿಸುವ ಬೀದರ್ ಕೋಟೆ ಮಣ್ಣಿನ ಚಿಟಿಕೆ ನಾಲಿಗೆಗೆ ಹಚ್ಚಿ, ಮಳೆ ತಾಗಿದ ಮಣ್ಣಿದು ಅಂದಿರಿ. ಬಿಸಿಲು ಮಳೆ ಕಾಣದ ಒಳಮಣ್ಣಿಗೇ ಆ ಕಸುವು. ಸಾರ ಇಳಿದ ಮಣ್ಣಿಗೆ ನವಸಾಗರ ಎಂಬ ಲವಣ ಎಷ್ಟು ಬೆರೆಸಿದರೂ ಬಣ್ಣ ನಿಲ್ಲದು. ನಿಮ್ಮ ಮನೆಯ ಡಬ್ಬಿಯ ಮಣ್ಣು ತಂದು, ಒಂದೊಂದನ್ನೂ ಮತ್ತೆ ಉಜ್ಜಿಸಿ, ಬೆರಳಿನ ಜಿಡ್ಡು ತಾಗದಂತೆ ಹಿಡಿಸಿ, ಮಂದ ಉರಿಯಲ್ಲೇ ಕಾಯಿಸಿದಿರಿ. ಸತುವು ಸುಮಾರು 420 ಡಿಗ್ರಿಗೆ ಕರಗುವ ಲೋಹ, ಅವಸರದ ಉರಿ ಅದಕ್ಕೆ ಆಗದು. ಫಜರ್ ಅಜಾನ್ ಹೊತ್ತಿಗೆ ಎಲ್ಲವೂ ಕಪ್ಪಾಗಿ, ಬೆಳ್ಳಿ ಬೆಳ್ಳಗೆ ಎದ್ದಿತ್ತು.

ನೀವು ಬರದಿದ್ದರೆ ಬೀಗ ಹಾಕುತ್ತಿದ್ದೆವು, ಚಾಚಾ. ಬೆಳ್ಳಿಯ ಸಾಲ ತಲೆ ಮೇಲಿತ್ತು, ಹುಡುಗರು ಆಟೋ ಓಡಿಸೋಕೆ ಹೊರಟಿದ್ದರು. ಬರೆಯುವಾಗ ಈಗಲೂ ಗಂಟಲು ಕಟ್ಟುತ್ತದೆ.

ಅರ್ಧ ಹಣ ಮುಂಗಡ ಕೊಟ್ಟ ಗ್ರಾಹಕರಿಗೆ, ತಂತಿ ಉದ್ರಿ ಕೊಟ್ಟ ಸರಾಫರಿಗೆ, ಪ್ಯಾಕಿಂಗಿಗೆ ಕೂತ ಪಕ್ಕದ ಮನೆಯ ಅಕ್ಕಂದಿರಿಗೆ ಶುಕ್ರಿಯಾ. ಪಿಎಂಇಜಿಪಿ (ಸಣ್ಣ ಉದ್ಯಮ ಶುರುಮಾಡಲು ಸಾಲದ ಜತೆ ಸಹಾಯಧನ ಕೊಡುವ ಕೇಂದ್ರ ಸರಕಾರದ ಯೋಜನೆ) ಅರ್ಜಿ ತುಂಬಿಕೊಟ್ಟ ನಿವೃತ್ತ ಬ್ಯಾಂಕ್ ಸರ್‌ಗೂ. ಅಲ್ಪಸಂಖ್ಯಾತರಿಗೆ ಸ್ವಂತ ಪಾಲು ಶೇ. 5, ಸಹಾಯಧನ ನಗರದಲ್ಲಿ ಶೇ. 25, ಹಳ್ಳಿಯಲ್ಲಿ ಶೇ. 35, ಆದರೆ ಆ ಸಹಾಯಧನ ಮೂರು ವರ್ಷ ಬ್ಯಾಂಕಿನ ಠೇವಣಿಯಲ್ಲೇ ಇರುತ್ತದೆ. ಅದನ್ನೇ ನಂಬಿ ಬೆಳ್ಳಿ ತರಬೇಡಿ ಎಂದು ಅವರು ಮೊದಲೇ ಎಚ್ಚರಿಸಿದ್ದರು. ಹೊಸದಾಗಿ ಶುರುಮಾಡುವವರು ಎಡವುವುದು ಹೆಚ್ಚಾಗಿ ಅಲ್ಲೇ. ಸಣ್ಣ ಉದ್ಯಮಗಳಿಗಿರುವ ಸರಕಾರದ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. ನೋಂದಾಯಿತ ಸಣ್ಣ ಕಾರ್ಖಾನೆಯ ಬಿಲ್ಲಿನ ಹಣ, ಬರಹದ ಒಪ್ಪಂದವಿದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಪಾವತಿಯಾಗಬೇಕು ಎಂಬ ಕಾಯ್ದೆ 2006ರಿಂದಲೇ ಇದೆ. ನಮ್ಮ ಕೈಗೆಲಸವನ್ನು ಮೆಚ್ಚುವ ಅಂಗಡಿಯವರು ಈ ಗಡುವನ್ನು ಪಾಲಿಸಿದರೆ ಮುಂದಿನ ಬೆಳ್ಳಿಗೆ ಸಾಲ ಮಾಡಬೇಕಿಲ್ಲ.

ಹೂಜಿ ಕೊಂಡವರು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಹುಳಿಗೆ ಕಪ್ಪು ಹೋಗುತ್ತದೆ. ಮೆತ್ತನೆ ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು.