ಊರಿನ ಸಂಶೋಧನೆಗೂ ಒಂದು ಅನುದಾನ ಬೇಕು

ಮಾನ್ಯ ಸಂಪಾದಕರೇ,

ದೇಶದ ಒಟ್ಟು ಆಂತರಿಕ ಉತ್ಪನ್ನದಲ್ಲಿ ಸಂಶೋಧನೆಗೆ ಸಲ್ಲುತ್ತಿರುವುದು ಶೇ 0.64ರಷ್ಟು ಮಾತ್ರ ಎಂಬ ಕೊರಗು ಹಳೆಯದು. ಅದನ್ನು ನೀಗಿಸಲು ಈಚೆಗೆ ದೊಡ್ಡ ಮೊತ್ತಗಳೇ ಘೋಷಣೆಯಾಗಿವೆ. 2023ರ ಕಾಯ್ದೆಯಿಂದ ರೂಪುಗೊಂಡ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿ ಹೊಂದಿಸುವ ಗುರಿಯಿದೆ. ಖಾಸಗಿ ವಲಯದ ಸಂಶೋಧನೆಗೆಂದು 1 ಲಕ್ಷ ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಚಿವ ಸಂಪುಟ 2025ರಲ್ಲಿ ಒಪ್ಪಿಗೆ ಕೊಟ್ಟಿದೆ. ಎರಡನ್ನೂ ಸ್ವಾಗತಿಸೋಣ. ಆದರೆ ತನ್ನೂರಿನ ಕೆರೆಯ ನೀರನ್ನು ಮಕ್ಕಳೊಡನೆ ಹತ್ತು ವರ್ಷ ಬಿಡದೆ ಪರೀಕ್ಷಿಸಬೇಕೆಂದಿರುವ ಪ್ರೌಢಶಾಲೆಯ ಶಿಕ್ಷಕಿಯೊಬ್ಬರಿಗೆ ವರ್ಷಕ್ಕೆ ಐವತ್ತು ಸಾವಿರ ರೂಪಾಯಿ ಬೇಕಾದರೆ ಅವರು ಯಾರ ಬಳಿ ಅರ್ಜಿ ಹಾಕಬೇಕು ಎಂಬುದಕ್ಕೆ ಈ ಯಾವ ಯೋಜನೆಯಲ್ಲೂ ಉತ್ತರವಿಲ್ಲ.

ಇರುವ ಅವಕಾಶಗಳು ಯಾರಿಗೆ ಎಟುಕುತ್ತವೆ ಎಂದು ನೋಡಿ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆ 1970ರ ದಶಕದಿಂದಲೂ ಸೊಗಸಾಗಿ ನಡೆದುಬಂದಿದೆ, ಆದರೆ ಅದು ಕಾಲೇಜು ವಿದ್ಯಾರ್ಥಿಗಳಿಗೆ. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕಾಗಿ ಹಳ್ಳಿಯ ಮಕ್ಕಳು ನಿಜವಾದ ಸಮೀಕ್ಷೆಗಳನ್ನೇ ಮಾಡುತ್ತಾರೆ. ಸಮಾವೇಶ ಮುಗಿದ ಮೇಲೆ ಅದೇ ಸಮೀಕ್ಷೆಯನ್ನು ಮರುವರ್ಷ ಮುಂದುವರಿಸಲು ಯಾರೂ ಹಣ ಕೊಡುವುದಿಲ್ಲ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣವಿದೆಯಲ್ಲ ಎನ್ನಬಹುದು. 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿ ವಿಜ್ಞಾನ ಸಂಶೋಧನೆಗೆ ಅವಕಾಶ ಕೊಟ್ಟಿರುವುದು ನಿಜ. ಆದರೆ ಅಲ್ಲಿ ಹೆಸರಿಸಿರುವುದು ಸರ್ಕಾರದ ಹಣ ಪಡೆದ ಯೋಜನೆಗಳು, ವಿಶ್ವವಿದ್ಯಾಲಯಗಳು, ಐಐಟಿಗಳು, ರಾಷ್ಟ್ರೀಯ ಪ್ರಯೋಗಾಲಯಗಳು. ಪರಿಸರ ಅಥವಾ ಶಿಕ್ಷಣದ ಬಾಬ್ತಿನಲ್ಲಿ ಕೇಳೋಣವೆಂದರೆ, ಅರ್ಜಿ ಹಾಕುವುದು ಊರಿನ ಟ್ರಸ್ಟೋ ಸಂಘವೋ ಆಗಿದ್ದರೆ ಅದಕ್ಕೆ ಕನಿಷ್ಠ ಮೂರು ವರ್ಷದ ಕಾರ್ಯಾನುಭವವೂ ಕೇಂದ್ರ ಸರ್ಕಾರದ ನೋಂದಣಿಯೂ ತೆರಿಗೆ ಇಲಾಖೆಯ ಪ್ರಮಾಣಪತ್ರಗಳೂ ಇರಬೇಕು. ಒಂದು ಮಳೆಮಾಪಕ, ಒಂದಿಷ್ಟು ರಾಸಾಯನಿಕ, ಬಸ್ ಚಾರ್ಜು ಬೇಕಾದವರಿಗೆ ಈ ಕಾಗದಪತ್ರಗಳ ಖರ್ಚೇ ಕೆಲಸದ ಖರ್ಚಿಗಿಂತ ಹೆಚ್ಚಾಗುತ್ತದೆ.

ಇಂಥ ಕೆಲಸದಿಂದ ಏನು ಪ್ರಯೋಜನ ಎಂದು ಕೇಳುವವರು ಕೊಡಗಿನ ಕಾಫಿ ತೋಟಗಳ ಮಳೆ ಲೆಕ್ಕದ ಪುಸ್ತಕಗಳನ್ನು ನೋಡಬೇಕು. ದಶಕಗಳ ಕಾಲ ಬೆಳೆಗಾರರು ತಮ್ಮ ಉಪಯೋಗಕ್ಕೆಂದು ದಿನವಹಿ ಬರೆದಿಟ್ಟ ಆ ಅಂಕಿಗಳನ್ನು ಹವಾಮಾನದ ಬದಲಾವಣೆಯನ್ನು ಅಧ್ಯಯನ ಮಾಡುವವರು ಹುಡುಕಿಕೊಂಡು ಹೋಗಿ ಬಳಸಿದ್ದಾರೆ. ಮೈಸೂರಿನ ಹಕ್ಕಿ ವೀಕ್ಷಕರು ನಗರವನ್ನು ಚೌಕಗಳಾಗಿ ಹಂಚಿಕೊಂಡು ತಮ್ಮ ಪಕ್ಷಿ ನಕಾಶೆಯನ್ನು ತಾವೇ ಮಾಡಿದರು. ನೆರೆಯ ಕೇರಳದಲ್ಲಿ 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಇಡೀ ರಾಜ್ಯವನ್ನು ಹಾಗೆಯೇ ಎಣಿಸಿ ಮುಗಿಸಿದರು. ಅಷ್ಟು ಜನರನ್ನು ಸಂಬಳ ಕೊಟ್ಟು ಅಷ್ಟು ವರ್ಷ ಕಾಡುಮೇಡು ಅಲೆಸುವುದು ಯಾವ ಸಂಸ್ಥೆಗೂ ಸುಲಭವಲ್ಲ.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು, ಈಗಾಗಲೇ ಕಾನೂನಿನಲ್ಲೂ ಯೋಜನೆಗಳಲ್ಲೂ ಇರುವ ಏರ್ಪಾಡುಗಳನ್ನು ನಾವು ಅರ್ಧಕ್ಕೇ ಬಿಟ್ಟಿರುವುದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡಮರ, ಪ್ರಾಣಿಪಕ್ಷಿಗಳನ್ನೂ ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆಯನ್ನೂ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಸ್ಥಳೀಯ ಜೀವವೈವಿಧ್ಯ ನಿಧಿಗೂ ಅದೇ ಕಾಯ್ದೆಯಲ್ಲಿ ಅವಕಾಶವಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿ, ತಪ್ಪಿದ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡವೆಂದ ಮೇಲೆ ದೇಶದ ಎಲ್ಲೆಡೆ ದಾಖಲಾತಿಗಳು ಭರದಿಂದ ಸಿದ್ಧವಾದವು. ದಂಡಕ್ಕೆ ಹೆದರಿ ಬರೆದ ಪುಸ್ತಕವನ್ನು ಮತ್ತೆ ತೆರೆದು ತಿದ್ದುವವರು ಯಾರು, ಅದಕ್ಕೆ ಹಣ ಯಾವುದು ಎಂಬುದನ್ನು ಮಾತ್ರ ಆಗ ಯಾರೂ ಕೇಳಲಿಲ್ಲ. ಜಲ ಜೀವನ್ ಮಿಷನ್‌ನ ಕಥೆಯೂ ಬೇರೆಯಲ್ಲ. ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡುವುದು ಬಹಳ ಒಳ್ಳೆಯ ವಿಚಾರ. ಪಾವಗಡದ ಕಡೆಯ ಕೊಳವೆಬಾವಿಯೊಂದರಲ್ಲಿ ಫ್ಲೋರೈಡ್ ಬೇಸಿಗೆಯಲ್ಲಿ ಎಷ್ಟು, ಮಳೆಗಾಲದಲ್ಲಿ ಎಷ್ಟು, ಬಾವಿಯನ್ನು ಇನ್ನಷ್ಟು ಆಳಕ್ಕೆ ಕೊರೆಸಿದ ಮೇಲೆ ಎಷ್ಟು ಎಂದು ಆ ಐವರೇ ತಿಂಗಳಿಗೊಮ್ಮೆ ನೋಡಿ ಬರೆದಿಟ್ಟರೆ ಅದು ಸಂಶೋಧನೆಯೇ. ಅವರ ಸಮಯಕ್ಕೆ ಗೌರವಧನ ಕೊಟ್ಟು, ಕೇಳಿದ ಪ್ರಶ್ನೆಗೆ ಉತ್ತರಿಸುವ ಒಬ್ಬ ಅಧ್ಯಾಪಕರನ್ನು ಜೊತೆ ಮಾಡಿದರೆ ಸಾಕು.

ಆದ್ದರಿಂದ ರಾಜ್ಯ ಸರ್ಕಾರ ಸ್ಥಳೀಯ ಸಂಶೋಧನೆಗೆಂದೇ ಪ್ರತ್ಯೇಕವಾದ ಸಣ್ಣ ಅನುದಾನವನ್ನು ಆರಂಭಿಸಬೇಕು. ಅರ್ಜಿಯೂ ವರದಿಯೂ ಕನ್ನಡದಲ್ಲಿರಬೇಕು. ಸಂಘ ನೋಂದಾಯಿಸದ ವ್ಯಕ್ತಿಗಳೂ ಅರ್ಜಿ ಹಾಕುವಂತಿರಬೇಕು. ಹಣದ ಲೆಕ್ಕವನ್ನು ಹತ್ತಿರದ ಸರ್ಕಾರಿ ಪದವಿ ಕಾಲೇಜು ಇಟ್ಟುಕೊಳ್ಳಲಿ. ಅವಧಿ ಐದು ವರ್ಷಕ್ಕೆ ಕಡಿಮೆಯಿರಬಾರದು, ಏಕೆಂದರೆ ಮಳೆ, ನೀರು, ಹೂಬಿಡುವ ಕಾಲ ಇವುಗಳ ಅಧ್ಯಯನದಲ್ಲಿ ಎರಡು ವರ್ಷದ ಅಂಕಿಗಳಿಂದ ಏನನ್ನೂ ಹೇಳಲಾಗದು. ಬಂದ ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಿ ಹೇಳುವುದು ಕಡ್ಡಾಯವಾಗಬೇಕು. ಇದು ಎಲ್ಲೂ ಇಲ್ಲದ ಸಂಗತಿಯೇನಲ್ಲ: 1990ರ ದಶಕದ ಕೊನೆಯಲ್ಲಿ ತಿರುವನಂತಪುರದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ನೆದರ್‌ಲೆಂಡ್ಸ್ ಸರ್ಕಾರದ ನೆರವಿನಿಂದ ಸ್ಥಳೀಯ ಅಭಿವೃದ್ಧಿಯ ಸಂಶೋಧನೆಗೆಂದೇ ಒಂದು ಕಾರ್ಯಕ್ರಮ ನಡೆಸಿ, ವಿಶ್ವವಿದ್ಯಾಲಯಗಳ ಹೊರಗಿದ್ದವರಿಗೂ ಅವಕಾಶ ಕೊಟ್ಟಿತ್ತು.

ಪರಿಣತರಲ್ಲದವರ ಅಳತೆಯನ್ನು ನಂಬುವುದು ಹೇಗೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಎಲ್ಲರೂ ಒಂದೇ ವಿಧಾನ ಅನುಸರಿಸುವಂತೆ ನೋಡಿಕೊಂಡು, ಹತ್ತರಲ್ಲಿ ಒಂದು ಮಾದರಿಯನ್ನು ಜಿಲ್ಲಾ ಪ್ರಯೋಗಾಲಯದಲ್ಲಿ ಮರುಪರೀಕ್ಷೆ ಮಾಡಿಸಿದರೆ ತಪ್ಪುಗಳು ಬೇಗ ಸಿಕ್ಕಿಬೀಳುತ್ತವೆ. ಕೇಂದ್ರ ವಿಜ್ಞಾನ ಇಲಾಖೆ 2022ರಲ್ಲಿ ಹೊರಡಿಸಿದ ವೈಜ್ಞಾನಿಕ ಸಾಮಾಜಿಕ ಹೊಣೆಗಾರಿಕೆಯ ಮಾರ್ಗಸೂಚಿಯಂತೆ ವಿಜ್ಞಾನಿಗಳು ವರ್ಷಕ್ಕೆ ಕನಿಷ್ಠ 10 ದಿನವನ್ನು ಸಮಾಜಕ್ಕೆ ಕೊಡಬೇಕು. ಬೆಂಗಳೂರಿನಲ್ಲಿ ಅಷ್ಟೊಂದು ಸಂಸ್ಥೆಗಳಿರುವಾಗ ಮಾರ್ಗದರ್ಶಕರ ಕೊರತೆ ಬೀಳಲಾರದು.

ಮೊದಲ ವರ್ಷ ತಲಾ 50 ಸಾವಿರ ರೂಪಾಯಿಯಂತೆ ನೂರು ಅನುದಾನ ಕೊಟ್ಟರೂ ತಗಲುವುದು 50 ಲಕ್ಷ ರೂಪಾಯಿ. ಹಣ ಮಾರ್ಚ್ ಕೊನೆಯ ವಾರದಲ್ಲಿ ಬಿಡುಗಡೆಯಾಗಿ ಅದೇ ತಿಂಗಳಲ್ಲಿ ಬಳಕೆ ಪ್ರಮಾಣಪತ್ರ ಕೇಳುವ ನಮ್ಮ ವಾಡಿಕೆಯನ್ನು ಮಾತ್ರ ಇಲ್ಲಿಗೆ ತರಬಾರದು. ಜನವರಿಯಲ್ಲಿ ಅರ್ಜಿ ಕರೆದು ಮೇ ತಿಂಗಳೊಳಗೆ ಹಣ ಕೈಸೇರುವಂತೆ ಮಾಡಿದರೆ ಮುಂಗಾರಿನ ಆರಂಭದಿಂದಲೇ ಅಳತೆ ಶುರುಮಾಡಬಹುದು.

ಇತಿ,
ನಿವೃತ್ತ ವಿಜ್ಞಾನ ಶಿಕ್ಷಕ, ಸಾಗರ